ಇಬ್ಬರ ಗುಟ್ಟು

ರಾಮನಗರದ ಆಸ್ಪತ್ರೆಯಲ್ಲಿ ನಾನು ನರ್ಸ್ ಆಗಿದ್ದಾಗ, ಕೂಟಗಲ್ಲಿನ ರೈತ ಕೆಂಪಯ್ಯ ಕ್ಯಾನ್ಸರಿನ ಕೊನೆಯ ಹಂತದಲ್ಲಿ ದಾಖಲಾದರು. ಹೆಂಡತಿ ನಿಂಗಮ್ಮ ನನ್ನನ್ನು ವರಾಂಡಕ್ಕೆ ಕರೆದು, "ಅವ್ರಿಗೆ ಬರೀ ಹೊಟ್ಟೆಹುಣ್ಣು ಅಂದಿದೀವಿ. ನಿಜ ಹೇಳ್ಬುಡ್ಬ್ಯಾಡಿ ಸಿಸ್ಟರ್" ಎಂದರು. ಒಪ್ಪಿದೆ.

ಮಾರನೇ ದಿನ ಬೆನ್ನು ಒರೆಸುವಾಗ ಕೆಂಪಯ್ಯ ಮೆಲ್ಲಗೆ, "ನಂಗೇನಾಗೈತೆ ಅಂತ ಗೊತ್ತು ಕಣವ್ವಾ. ಅವ್ಳಿಗೆ ಮಾತ್ರ ಹೇಳ್ಬ್ಯಾಡ, ತಡ್ಕಳಾಕಿಲ್ಲ" ಎಂದರು. ಅದಕ್ಕೂ ಒಪ್ಪಿದೆ.

ಆಮೇಲೆ ಇಬ್ಬರೂ ಮುಂದಿನ ವರ್ಷ ಹಿಪ್ಪುನೇರಳೆ ಎಲ್ಲಿ ನೆಡುವುದೆಂದೇ ಮಾತಾಡುತ್ತಿದ್ದರು. ಒಂದು ಮಧ್ಯಾಹ್ನ ಕೆಂಪಯ್ಯ ತೀರಿಕೊಂಡರು.

"ಏನೂ ಗೊತ್ತಾಗ್ದಂಗೆ ನೆಮ್ಮದಿಯಾಗಿ ಹೋದ್ರು, ಅಲ್ವಾ ಸಿಸ್ಟರ್?" ಎಂದು ನಿಂಗಮ್ಮ ಕೇಳಿದರು. ಹೂಂ ಎಂದೆ.

ರೋಗಿಯ ಗುಟ್ಟು ಕಾಯಬೇಕೆಂದು ನಮಗೆ ಕಲಿಸಿದ್ದರು. ಇಬ್ಬರ ಗುಟ್ಟೂ ಒಂದೇ ಆದಾಗ ಅದನ್ನು ಯಾರಿಂದ ಕಾಯಬೇಕೆಂದು ಮಾತ್ರ ಯಾರೂ ಹೇಳಿರಲಿಲ್ಲ.