ದಾರ ದಾಟಿದ ಗೋಡೆ

ನಮ್ಮ ನಗರದ ಶಾಲೆಗಳ ಕಚೇರಿಯಲ್ಲಿ ಅವರನ್ನು ಎಲ್ಲರೂ ದಾರದಣ್ಣ ಎನ್ನುತ್ತಿದ್ದರು. ನಾನು ಪಕ್ಕದ ಮೇಜಿನವನು, ಹದಿನೆಂಟು ವರ್ಷ ಅವರ ಕೆಮ್ಮು ಕೇಳಿಕೊಂಡೇ ಫೈಲು ತಿರುವಿದವನು. ಎರಡು ಶಾಲೆಗಳ ನಡುವೆ ಎಷ್ಟು ದೂರ ಎಂದು ಅಳೆಯುವುದು ಅವರ ಕೆಲಸ. ಬೇರೆಯವರಾಗಿದ್ದರೆ ನಕ್ಷೆಯ ಮೇಲೆ ಸ್ಕೇಲು ಇಟ್ಟು, ಗೆರೆ ಎಳೆದು ಕೈ ತೊಳೆದುಕೊಳ್ಳುತ್ತಿದ್ದರು. ಇವರು ಹೊಲಿಗೆ ದಾರವನ್ನು ಒಂದೊಂದು ಬೀದಿಯ ತಿರುವಿಗೂ ಬಳಸಿ, ಗುಂಡುಸೂಜಿ ಚುಚ್ಚಿ, ಆಮೇಲೆ ಬಿಚ್ಚಿ ಅಳೆಯುವರು. ಮಕ್ಕಳೇನು ಕಾಗೆಗಳಾ, ನೆಟ್ಟಗೆ ಹಾರಿಹೋಗೋಕೆ ಎಂದು ಕೇಳುವರು.

ನಿಯಮ ಹೀಗಿದೆ. ಐವತ್ತಕ್ಕಿಂತ ಕಡಿಮೆ ಮಕ್ಕಳಿರುವ ಶಾಲೆಯಿಂದ ಒಂದು ಕಿಲೋಮೀಟರಿನೊಳಗೆ ಇನ್ನೊಂದು ಶಾಲೆ ಇದ್ದರೆ ಚಿಕ್ಕದಕ್ಕೆ ಬೀಗ. ದೂರ ಹೆಚ್ಚಿದ್ದರೆ ಉಳಿಯುತ್ತದೆ. ಎಷ್ಟೋ ಪುಟ್ಟ ಶಾಲೆಗಳು ಈ ಮನುಷ್ಯನ ದಾರದ ದೆಸೆಯಿಂದ ಉಸಿರಾಡುತ್ತಿದ್ದವು. ಅದಕ್ಕಾಗಿ ಯಾರೂ ಅವರಿಗೆ ಒಂದು ಒಳ್ಳೆಯ ಮಾತು ಹೇಳಿದ್ದನ್ನು ನಾನು ಕಂಡಿಲ್ಲ.

ಆ ವರ್ಷ ಮೂವತ್ತೊಂದು ಶಾಲೆಗಳ ಪಟ್ಟಿ ಬಂತು, ಎರಡು ದಿನದ ಗಡುವು. ಪಟ್ಟಿಯಲ್ಲಿ ಶಾಲೆಗೆ ಹೆಸರಿರುವುದಿಲ್ಲ, ನಂಬರು ಮಾತ್ರ. ಎರಡನೆಯ ದಿನ ಸಂಜೆಯ ಹೊತ್ತಿಗೆ ಅವರ ಕಣ್ಣು ಕೆಂಪಾಗಿತ್ತು. ನಾನು ಸಹಾಯ ಮಾಡಬಹುದಿತ್ತು, ಮಾಡಲಿಲ್ಲ. ನನಗೂ ಸಾಕಾಗಿತ್ತು. ಕೊನೆಯ ಶಾಲೆಗೆ ಒಂಬೈನೂರು ಮೀಟರು ಎಂದು ಬರೆದು ಸಹಿ ಹಾಕಿದರು.

ವಾರ ಕಳೆದು ಅವರ ಅಕ್ಕನ ಫೋನು ಬಂತು. ತಾಯಿ ಹೋದಮೇಲೆ ಇವರನ್ನು ಸಾಕಿ ಓದಿಸಿದವರು ಆ ಅಕ್ಕ. ರೈಲು ಹಳಿಯ ಪಕ್ಕದ ಪುಟ್ಟ ಶಾಲೆಯಲ್ಲಿ ಆಯಾ. ಶಾಲೆ ಮುಚ್ಚುತ್ತಾರಂತೆ, ಬಾಗಿಲಿಗೆ ಆರ್ಡರು ಅಂಟಿಸಿದ್ದಾರೆ ಎಂದು ಅಷ್ಟೇ ಹೇಳಿದರಂತೆ. ದಾರದಣ್ಣ ಫೈಲು ಬಿಚ್ಚಿದರು. ಕೊನೆಯ ಶಾಲೆಯೇ ಅದು.

ಹಳೆಯ ನಕ್ಷೆಯಲ್ಲಿ ಅಲ್ಲೊಂದು ರೈಲ್ವೆ ಗೇಟು ಇತ್ತು. ದಾರ ಅದರ ಮೇಲೆ ಹಾದು ಆಚೆಯ ಶಾಲೆ ಮುಟ್ಟಿತ್ತು. ಆ ಗೇಟು ಮುಚ್ಚಿ ಆರು ವರ್ಷವಾಗಿದೆ, ಆಳೆತ್ತರದ ಗೋಡೆ ಎದ್ದಿದೆ. ಈಗ ಮೇಲುಸೇತುವೆ ಸುತ್ತಿ ಹೋಗಬೇಕು, ಹತ್ತಿರ ಹತ್ತಿರ ಮೂರು ಕಿಲೋಮೀಟರು. ಅದು ಅವರಿಗೆ ಗೊತ್ತಿಲ್ಲದ್ದೇನಲ್ಲ. ಪ್ರತಿ ಭಾನುವಾರ ಅಕ್ಕನ ಮನೆಗೆ ಅದೇ ಗೋಡೆ ಬಳಸಿ ಹೋಗುವವರು ಅವರು. ಕಾಲಿಗೆ ಗೊತ್ತಿದ್ದದ್ದು ಆ ಸಂಜೆ ಕೈಗೆ ಹೊಳೆಯಲಿಲ್ಲ.

ತಪ್ಪು ನನ್ನದೇ ಎಂದು ಬರೆದುಕೊಟ್ಟರು. ಸಾಹೇಬರು ಕೆಟ್ಟವರಲ್ಲ, ಅವರೂ ದಣಿದವರೇ. ಆರ್ಡರು ಮೇಲಿನಿಂದ ಮಂಜೂರಾಗಿ ಬಂದಿದೆ, ಒಂದನ್ನು ತಿದ್ದಿದರೆ ಉಳಿದ ಮೂವತ್ತೂ ಬಾಗಿಲಿಗೆ ಬರುತ್ತವೆ ಎಂದರು. ದಾರದಣ್ಣ ಎರಡು ತಿಂಗಳು ಮೇಜಿಂದ ಮೇಜಿಗೆ ಅಲೆದರು. ಮೊದಲು ಎಲ್ಲರೂ ಕೂರಿಸಿ ಮಾತಾಡಿದರು, ಆಮೇಲೆ ಅವರ ನೆರಳು ಕಂಡರೆ ಸಾಕು, ಫೋನು ಕಿವಿಗೆ ಹಿಡಿಯುವರು. ನಾನೂ ಹಿಡಿದಿದ್ದೇನೆ, ಸುಳ್ಳು ಯಾಕೆ ಹೇಳಲಿ. ಅಕ್ಕನ ಮನೆಗೆ ಹೋಗುವುದನ್ನೂ ಅವರು ಬಿಟ್ಟುಬಿಟ್ಟರು.

ಬೇಸಿಗೆ ರಜೆ ಮುಗಿದು ಶಾಲೆಗಳು ಶುರುವಾದ ದಿನ ಬೆಳಿಗ್ಗೆ ಸೇತುವೆಯ ಕೆಳಗೆ ಹೋಗಿ ನಿಂತರಂತೆ. ಅಕ್ಕ ಬಂದರು, ಹಿಂದೆ ಮುಂದೆ ಇಪ್ಪತ್ತೆರಡು ಮಕ್ಕಳು. ಹೊಸ ಶಾಲೆಗೆ ಅವರನ್ನೂ ಹಾಕಿದ್ದರು, ಮಕ್ಕಳನ್ನು ಕರೆತರುವ ಕೆಲಸವನ್ನು ಅವರೇ ಮೈಮೇಲೆ ಹಾಕಿಕೊಂಡಿದ್ದರು. ಆ ವಯಸ್ಸಿನಲ್ಲಿ, ಆ ಮಂಡಿನೋವಿನಲ್ಲಿ. ಇವರು ಮೂರು ಚೀಲ ಹೆಗಲಿಗೆ ಹಾಕಿಕೊಂಡು ಜೊತೆಗೆ ನಡೆದರು. ಸೇತುವೆ ಅರ್ಧ ಏರಿದ ಮೇಲೆ ಬಾಯಿ ಬಿಟ್ಟರು.

"ಅಕ್ಕಾ, ಅದನ್ನ ಅಳೆದದ್ದು ನಾನೇ."

"ಗೊತ್ತು ಕಣೋ. ಬಾಗಿಲಿಗೆ ಅಂಟಿಸಿದ್ರಲ್ಲ, ಆ ಕಾಗದದಲ್ಲಿ ದೂರದ ಲೆಕ್ಕದ ಕೆಳಗೆ ನಿನ್ನ ಸಹಿ ಇತ್ತು. ಅಕ್ಷರ ತಿದ್ದಿಸಿದವಳು ನಾನು, ನಂಗೆ ಗೊತ್ತಾಗಲ್ವಾ?"

ಎಳೆಯ ಹುಡುಗಿಯೊಬ್ಬಳು ಕೂತುಬಿಟ್ಟಿದ್ದಳು. ಅಕ್ಕ ಅವಳನ್ನು ಎಬ್ಬಿಸಿ ಸೊಂಟಕ್ಕೆ ಏರಿಸಿಕೊಂಡರು.

"ಆ ಕಾಗದ ಹರಿದು ಒಲೆಗೆ ಹಾಕಿದೆ. ಈ ಮಕ್ಕಳ ಅಮ್ಮಂದಿರು ನಿನ್ನನ್ನ ಬೈಕೊಳ್ಳೋದು ಬೇಡ ಅಂತ."