ನನ್ನ ಪ್ರಾಜೆಕ್ಟ್ ಕೆಡಿಸಿದವರು ಯಾರು?

ಕೊರೊನಾ ಕಳೆದು ಕಾಲೇಜುಗಳು ಮತ್ತೆ ತೆರೆದ ಮರುವರ್ಷದ ಬೇಸಿಗೆ. ನಾನು ಉದಗೀರದಲ್ಲಿ ಬಿಸಿಎ ಕೊನೆಯ ವರ್ಷ ಓದುತ್ತಿದ್ದೆ. ನಮ್ಮ ಮನೆ ನಿಲಂಗಾದಲ್ಲಿ. ಕೆಳಗೆ ಅಪ್ಪನ ಕಾಳುಕಡಿ ಅಂಗಡಿ, ಮೇಲೆ ನಾವು. ಅಂಗಡಿಯ ವ್ಯಾಪಾರಕ್ಕೆ ಅನುಕೂಲವಾಗುವ ಸಾಫ್ಟ್‌ವೇರ್ ಒಂದನ್ನು ಪ್ರಾಜೆಕ್ಟ್ ಎಂದು ಬರೆಯುತ್ತಿದ್ದೆ. ಸೋಮವಾರ ಹೊರಗಿನ ಪರೀಕ್ಷಕರು ಬಂದು ಅದನ್ನು ನೋಡುವವರಿದ್ದರು.

ಅದಕ್ಕೂ ಸ್ವಲ್ಪ ದಿನ ಮುಂಚಿನಿಂದ ಕಂಪ್ಯೂಟರ್ ಹಟ ಹಿಡಿದಿತ್ತು. ಬರೆದದ್ದನ್ನು ಕಂಪೈಲ್ ಮಾಡಲು, ಅಂದರೆ ಯಂತ್ರಕ್ಕೆ ತಿಳಿಯುವಂತೆ ಮಾರ್ಪಡಿಸಲು ಕೊಟ್ಟರೆ, ಅರ್ಧಕ್ಕೇ ನಿಂತುಬಿಡುತ್ತಿತ್ತು. ಹಾಡು, ಟೈಪಿಂಗ್‌ಗೆಲ್ಲ ಏನೂ ತಕರಾರಿಲ್ಲ. ತಪ್ಪು ನನ್ನದೇ ಎಂದುಕೊಂಡು ಅಳಿಸಿ ಬರೆದು, ಬರೆದು ಅಳಿಸಿ ಸಾಕಾಗಿ ಹೋಯಿತು. "ಕಂಪ್ಯೂಟರೇ ಕೆಟ್ಟದ ಏನೋ" ಎಂದರೆ ಅಣ್ಣ ಬಿಡುತ್ತಾನೆಯೇ?

"ಕುಣಿಲಾಕ ಬರಲ್ದಾಕಿ ನೆಲ ಡೊಂಕ ಅಂದಳಂತ!"

ಅಪ್ಪ ಮಾತ್ರ ಮೆತ್ತಗೆ, "ಜಾವು ದೇ, ಹೋಗ್ಲಿ, ನಿಂಗ ಆಗಲಿಲ್ಲಂದ್ರ ಬಿಟ್ಟುಬಿಡು" ಎಂದರು. ಅಣ್ಣನ ಚೇಷ್ಟೆಗಿಂತ ಅಪ್ಪನ ಕನಿಕರವೇ ಹೆಚ್ಚು ಚುಚ್ಚಿತು. ಈ ವಿದ್ಯೆ ನನ್ನ ತಲೆಗೆ ಹತ್ತುವುದಿಲ್ಲ ಎಂದು ತೀರ್ಮಾನಿಸಿ, ಶುಕ್ರವಾರ ನಮ್ಮ ಕಾಲೇಜಿನ ಶೈಲಜಾ ಮೇಡಂಗೆ ಫೋನ್ ಮಾಡಿ, ಓದು ಬಿಡುತ್ತೇನೆ ಎಂದೆ.

ಮೇಡಂ ಬೈಯಲಿಲ್ಲ. "ಪ್ರತಿ ಸಲ ಒಂದ ಜಾಗಾದಾಗ ನಿಂದರ್ತದೇನು?" ಎಂದು ಕೇಳಿದರು.

"ಇಲ್ರೀ. ಒಮ್ಮೆ ಒಂದ್ ಫೈಲಿಗಿ, ಇನ್ನೊಮ್ಮೆ ಇನ್ನೊಂದಕ್ಕ."

"ಹಂಗಾದ್ರ ಏನೂ ಅಳಿಸಬ್ಯಾಡ. ನಾಳೆ ಬರ್ತೀನಿ."

ಶನಿವಾರ ಉಮರ್ಗಾದ ತವರಿಗೆ ಹೊರಟವರು ನಡುವೆ ನಿಲಂಗಾದಲ್ಲಿ ಬಸ್ಸಿಳಿದು ನಮ್ಮ ಮೆಟ್ಟಿಲು ಹತ್ತಿದರು. ಮೊದಲ ವರ್ಷ ನಾನು ಬರೆದಿದ್ದ ಹಳೆಯ ಪ್ರೋಗ್ರಾಮನ್ನು ಮತ್ತೆ ಮತ್ತೆ ಕಂಪೈಲ್ ಮಾಡಿಸಿದರು. ಆಗ ಸರಾಗವಾಗಿ ನಡೆದಿದ್ದ ಅದೂ ಈಗ ನಿಂತಿತು!

"ನೀ ಬರದಿದ್ದು ತಪ್ಪಿದ್ರ ಅದೇ ಸಾಲಿಗಿ ಎಡವಬೇಕು. ಇದು ಸಿಕ್ಕಲ್ಲಿ ಎಡವ್ಲಾಕತ್ತದ. ಹಾಡಿಗಿ ಮೆಮೊರಿ ಜರ ಸಾಕು, ಕಂಪೈಲಿಗಿ ಭಾಳ ಬೇಕು. ಈ ಸಲ ನೆಲಾನ ಡೊಂಕ ಅದ" ಎಂದು ನಕ್ಕರು. ಅಣ್ಣನ ಗಾದೆಯ ಬಗ್ಗೆ ನಾನು ಆಗಲೇ ಮೇಡಂಗೆ ಚಾಡಿ ಹೇಳಿದ್ದೆ. ಬಾಗಿಲಲ್ಲಿ ನಿಂತಿದ್ದ ಅವನ ಮುಖ ನೋಡಬೇಕಿತ್ತು.

ಸೆರಗು ಸಿಕ್ಕಿಸಿಕೊಂಡು, ಸ್ವಿಚ್ ಆರಿಸಿ, ಮೆಮೊರಿಯ ಎರಡು ಪಟ್ಟಿಗಳಲ್ಲಿ ಒಂದನ್ನು ತೆಗೆದು ನೋಡಿದರು. ನೆಟ್ಟಗೆ ನಡೆಯಿತು. ಅದೇ ಜಾಗಕ್ಕೆ ಇನ್ನೊಂದನ್ನು ಹಾಕಿದರು, ಆಗಲೂ ನಡೆಯಿತು. ಎರಡನೆಯ ಜಾಗಕ್ಕೆ ಯಾವ ಪಟ್ಟಿ ಹಾಕಿದರೂ ನಿಂತಿತು. ಅವಸರವಿಲ್ಲ, ಗೊಣಗಾಟವಿಲ್ಲ. ಒಮ್ಮೆಗೆ ಒಂದನ್ನೇ ಬದಲಿಸುತ್ತಿದ್ದ ಆ ತಾಳ್ಮೆಯನ್ನು ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಕೊನೆಗೆ ಮೊಬೈಲ್ ಬೆಳಕು ಬಿಟ್ಟರೆ ಆ ಎರಡನೆಯ ಜಾಗದ ಸಂದಿಯೊಳಗೆ ಬೆಳ್ಳನೆಯ ಪುಡಿ!

"ಇದೇನ್ ಸುಣ್ಣೇನು?"

ಮೂಲೆಯಲ್ಲಿ ಕೂತಿದ್ದ ನಮ್ಮ ಅಜ್ಜಿ ಎದ್ದು ಬಂದಳು. "ಸುಣ್ಣ ಅಲ್ಲವ್ವಾ, ಈಬತ್ತಿ. ಅಮಾಸಿಗಿ ತಕ್ಕಡಿಗಿ, ಗಲ್ಲಾಕ್ಕ ಹಚ್ಚಿ ಇದಕ್ಕೂ ಹಚ್ಚೀನಿ. ಮುಚ್ಚಳ ತೆರದೇ ಇತ್ತು, ಒಳಗೂ ಹಚ್ಚೀನಿ. ಹುಡುಗಿ ಪಾಸಾಗ್ಲಿ ಅಂತ."

ಸೆಖೆಗೆಂದು ಕಂಪ್ಯೂಟರ್ ಡಬ್ಬಿಯ ಪಕ್ಕದ ಮುಚ್ಚಳ ತೆಗೆದಿಟ್ಟಿದ್ದೆವು. ಒದ್ದೆ ವಿಭೂತಿ ಒಣಗಿ ಪುಡಿ ಸಂದಿಗೆ ಉದುರಿತ್ತು. ಎಲ್ಲರೂ ತನ್ನತ್ತ ತಿರುಗಿದ್ದು ಕಂಡು ಅಜ್ಜಿಯ ಮುಖ ಸಣ್ಣದಾಯಿತು. "ನನ್ನಿಂದ ಕೆಟ್ಟದೇನವ್ವಾ?"

ಅಂಗಡಿಯಿಂದ ಮೇಲೆ ಬಂದಿದ್ದ ಅಪ್ಪನಿಗೆ ಸಿಟ್ಟು ನೆತ್ತಿಗೇರಿತ್ತು. "ಅವ್ವಾ, ನಿಂಗ…" ಎನ್ನುವಷ್ಟರಲ್ಲಿ ಮೇಡಂ ಅಜ್ಜಿಯ ಕೈ ಹಿಡಿದುಕೊಂಡರು. "ಆಯೀ, ಈಬತ್ತಿದೇನ್ ತಪ್ಪದರೀ? ಹಣಿಗಿ ಹಚ್ಚೋದು ಜರ ಕಣ್ಣಾಗ ಬಿದ್ದದ. ಒರೆಸಿದ್ರ ಆಯ್ತು."

ಅಜ್ಜಿ ನಕ್ಕಳು. ಅಪ್ಪನೂ ನಗಬೇಕಾಯಿತು.

ಅಣ್ಣ ಓಡಿಹೋಗಿ ಔಷಧಿ ಅಂಗಡಿಯಿಂದ ಸ್ಪಿರಿಟ್ ತಂದ. ಮೇಡಂ ಮೆತ್ತನೆಯ ಬ್ರಷ್ಷಿನಿಂದ ಪುಡಿ ತೆಗೆದು, ಒರೆಸಿ, ಒಣಗಿದ ಮೇಲೆ ಪಟ್ಟಿ ಕೂರಿಸಿದರು. ಪ್ರಾಜೆಕ್ಟ್ ಕಂಪೈಲ್ ಆಯಿತು. ಮತ್ತೆ ಮತ್ತೆ ಮಾಡಿದರೂ ಆಯಿತು. "ನೀ ಬರದಿದ್ದು ಮೊದಲಿಂದ ಬರೋಬರ್ ಇತ್ತು" ಎಂದರು. ನಾನು ಎಲ್ಲರೆದುರೇ ಅತ್ತುಬಿಟ್ಟೆ. ಹೊರಡುವ ಮುನ್ನ ಮುಚ್ಚಳ ಹಾಕಿ, "ಇನ್ನ ಇದರ ಮ್ಯಾಲ ಹಚ್ರಿ ಆಯೀ" ಎಂದು ಅಜ್ಜಿಯ ಕೈಯಿಂದಲೇ ವಿಭೂತಿ ಎಳೆಸಿದರು.

ಸೋಮವಾರ ನಾನು ಪಾಸಾದೆ. ಈಗ ನಾನೂ ಕಂಪ್ಯೂಟರ್ ಕಲಿಸುತ್ತೇನೆ. ದೋಷ ಹುಡುಕುವ ಬಗೆಯನ್ನು ಮೇಡಂ ಅವರಿಂದ ಅಂದೇ ಕಲಿತೆ. ಆದರೆ ನನ್ನ ತಲೆಯ ಮೇಲಿದ್ದ ಅಪವಾದ ಇಳಿಸಿ, ಅದನ್ನು ಅಜ್ಜಿಯ ತಲೆಗೆ ಹೊರಿಸದೆ ಹೋದರಲ್ಲ, ಅದನ್ನು ಇನ್ನೂ ಕಲಿಯುತ್ತಿದ್ದೇನೆ.