ಭೀಮಶಾನ ಉಳಿದ ತುಂಡು

ಸರಸಂಬಾ ಊರಲ್ಲಿ ಭೀಮಶಾನನ್ನು ಹೂತ ಮೂವತ್ತನೆಯ ದಿನ ಶಹರದ ದವಾಖಾನೆಯಿಂದ ಫೋನು ಬಂತು. ಮಾತಾಡಿದವಳು ಅನುಜಾ ಎಂಬ ಸಂಶೋಧಕಿ. ಅವಳಿಗೆ ಅವನು ಸತ್ತ ತಾರೀಖು ಬರೆದುಕೊಳ್ಳಬೇಕಿತ್ತು. ಬರೆದುಕೊಂಡ ಮೇಲೆ ಹೇಳಿದಳು: ಆಪರೇಶನ್ನಿನಲ್ಲಿ ತೆಗೆದ ಅವನ ಗಡ್ಡೆಯ ತುಂಡೊಂದು ತಮ್ಮಲ್ಲಿದೆ, ಅದರ ಅಧ್ಯಯನ ನಡೆದಿದೆ. ಅವನೇ ಸಹಿ ಹಾಕಿ ಕೊಟ್ಟಿದ್ದ.

ಹೆಂಡತಿ ಸಾಬಮ್ಮನಿಗೆ ಇದು ಗೊತ್ತಿರಲಿಲ್ಲ. ಭೀಮಶಾ ತೊಗರಿ ರಾಶಿ ಮಾಡುವ ಮಷಿನ್ ಓಡಿಸುತ್ತಿದ್ದ. ದಿನವಿಡೀ ಅದರ ಸದ್ದಿನಲ್ಲಿದ್ದು ಮನೆಯಲ್ಲಿ ಮಾತಾಡುವ ರೂಢಿ ಹೋಗಿತ್ತು. ದವಡೆಯಲ್ಲಿ ಗುಟ್ಕಾ ಇರುತ್ತಿತ್ತು. ಆಮೇಲೆ ಅದೇ ಜಾಗದಲ್ಲಿ ಗಡ್ಡೆ ಇತ್ತು.

ಅತ್ತೆ ಹಟ ಹಿಡಿದಳು. ಆ ಮನೆಯಲ್ಲಿ ಯಾರನ್ನೂ ಅರ್ಧ ಹೂತಿರಲಿಲ್ಲ. ಸಕ್ಕರೆ ಕಾಯಿಲೆಗೆ ಮಾವನ ಕಾಲು ತೆಗೆದಾಗ, ಕಾಲನ್ನು ಬಟ್ಟೆಯಲ್ಲಿ ಸುತ್ತಿ ತಂದು ಹೊಲದಲ್ಲಿ ಹೂತಿದ್ದರು. ಎರಡು ವರ್ಷದ ಮೇಲೆ ಉಳಿದ ಮಾವ ಅದರ ಪಕ್ಕ ಸೇರಿಕೊಂಡ.

"ನನ್ನ ಮಗನ್ನ ಪೂರಾ ತಂದು ಮಣ್ಣಿಗಿಡು. ಇಲ್ಲಂದ್ರ ಅವಗ ಮುಕ್ತಿ ಇಲ್ಲ ಬೇ."

ಸಾಬಮ್ಮ ಸ್ಟೀಲ್ ಡಬ್ಬಿ ತೊಳೆದು, ಒಳಗೆ ಹೊಸ ಬಿಳಿ ಬಟ್ಟೆ ಹಾಸಿ, ಬಸ್ಸು ಹತ್ತಿದಳು.

"ಊಟ ತಂದೀರೇನ್ರಿ ಅಮ್ಮಾ?" ದವಾಖಾನೆಯಲ್ಲಿ ಡಬ್ಬಿ ನೋಡಿ ಅನುಜಾ ಕೇಳಿದಳು.

"ಇಲ್ರಿ. ಅವರನ್ನ ಒಯ್ಯಾಕ ಬಂದೇನಿ."

ಅನುಜಾ ಕುರ್ಚಿ ಕೊಟ್ಟಳು. "ಒಯ್ರಿ, ಬ್ಯಾಡ ಅನ್ನಂಗಿಲ್ಲ. ಮೊದಲ ಇದೊಂದು ನೋಡ್ರಿ."

ಕಂಪ್ಯೂಟರಿನಲ್ಲಿ ಚುಕ್ಕಿಗಳಿದ್ದವು. ಒಂದೊಂದು ಚುಕ್ಕಿ ಆ ತುಂಡಿನ ಒಂದೊಂದು ಜೀವಕೋಶ. ಪ್ರತಿಯೊಂದರಲ್ಲೂ ಯಾವ ವಂಶವಾಹಿ ಎಚ್ಚರವಿದೆ, ಯಾವುದು ಮಲಗಿದೆ ಎಂದು ಓದಿ ಕಂಪ್ಯೂಟರ್ ಬಣ್ಣ ಹಚ್ಚಿತ್ತು. ಕೆಂಪು ಕ್ಯಾನ್ಸರ್. ನೀಲಿ, ಅದನ್ನು ಕೊಲ್ಲಲು ಮೈಯೇ ಕಳಿಸಿದ ಕಾವಲು ಕೋಶ. ನೀಲಿ ಬಹಳ ಇತ್ತು. ಎಲ್ಲ ಕೆಂಪಿನ ಸುತ್ತ ನಿಂತಿತ್ತು. ಒಳಗೆ ಒಂದೂ ಇರಲಿಲ್ಲ.

"ಯಾಕ ಒಳಗ ಹೋಗಿಲ್ಲ?"

"ಅದನ್ನೇ ಹುಡುಕಾಕತ್ತೇವ್ರಿ. ಇಂಥವು ನಲವತ್ತು ಮಂದೀವು ಅವ. ಇವರದ್ರಾಗ ಇದು ಭಾಳ ಸ್ವಚ್ಛ ಕಾಣ್ತದ."

"ಅವರೂ ಹಂಗೇ ರೀ. ತಮ್ಮನ ಕೂಡ ಜಗಳಾಡ್ತೇನಿ ಅಂತ ಹೋಗಿ, ಅವನ ಬಾಗಲದಾಗ ನಿಂತು, ನೀರು ಕುಡದು ಬರ್ತಿದ್ರು."

ಅನುಜಾಗೆ ನಗಬೇಕೋ ಬೇಡವೋ ತಿಳಿಯಲಿಲ್ಲ.

"ಕಾರಣ ಸಿಕ್ಕರ ಏನಾಗ್ತದ?"

"ಔಷಧ ಮಾಡಬಹುದ್ರಿ. ಆಗ್ತದೋ ಇಲ್ಲೋ. ವರ್ಷಗಟ್ಟಲೆ ಹಿಡೀತದ."

"ಅವರಿಗೇನು?"

"ಅವರಿಗೆ ಏನಿಲ್ರಿ."

ಅವನ ಬೇನೆಯ ಹನ್ನೊಂದು ತಿಂಗಳು ಎಲ್ಲರೂ ಆರಾಮಾಗ್ತದ, ಆರಾಮಾಗ್ತದ ಎಂದಿದ್ದರು. ಇವಳು ಹಾಗೆ ಅನ್ನಲಿಲ್ಲ. ಸಾಬಮ್ಮನಿಗೆ ಅದು ಹಿಡಿಸಿತು.

"ನಾ ಒಯ್ದರ?"

"ಮುಂದ ಇದನ್ನ ಓದಾಕ ಬರಂಗಿಲ್ರಿ."

ಒಮ್ಮೆ ತೋರಿಸ್ರಿ ಎಂದಳು ಸಾಬಮ್ಮ. ಅನುಜಾ ದಪ್ಪ ಕೈಗವಸು ಹಾಕಿ ಥಂಡಿಗೆ ಹೊಗೆಯಾಡುವ ಪೆಟ್ಟಿಗೆಯಿಂದ ಬೆರಳುದ್ದದ ಸೀಸೆ ತೆಗೆದಳು. ಒಳಗೆ ಉಗುರಿನಷ್ಟು ಭೀಮಶಾ ಇದ್ದ.

"ನನಗ್ಯಾಕ ಹೇಳಲಿಲ್ಲ?" ಸಾಬಮ್ಮ ಸೀಸೆಯನ್ನು ಕೇಳಿದಳು. ಎಂದಿನಂತೆ ಉತ್ತರ ಬರಲಿಲ್ಲ. "ಒಳಗಿಡ್ರಿ ಮೇಡಮ್ರ, ಕರಗೀತು."

"ಒಯ್ಯಂಗಿಲ್ಲೇನ್ರಿ?"

"ಇಲ್ರಿ. ಓದ್ರಿ."

ಊರಿಗೆ ಬಂದು ಅತ್ತೆಗೆ ಸುತ್ತುಬಳಸಿಲ್ಲದೆ ಹೇಳಿದಳು: "ಬಿಟ್ಟು ಬಂದೇನಿ. ಅಲ್ಲಿ ಕೆಲಸ ಅದ." ಅತ್ತೆ ಬೈದಳು. ಆ ದಿನ ಸೊಸೆಯ ಕೈಯ ನೀರು ಮುಟ್ಟಲಿಲ್ಲ. ಮರುದಿನ ಸಾಬಮ್ಮ ರೊಟ್ಟಿ ಬಡಿಯುವಾಗ ತಾನೇ ಬಂದು ಒಲೆಯ ಪಕ್ಕ ಕೂತಳು.

"ಅಲ್ಲಿ ಭಾಳ ಥಂಡಿ ಅದಾ?"

"ಭಾಳ ಅದ."

"ಅವಗ ಥಂಡಿ ತಡೀತಿರಲಿಲ್ಲಲ್ಲ ಬೇ."

ಇಬ್ಬರೂ ಅತ್ತರು. ಹೆಂಚಿನ ಮೇಲಿನ ರೊಟ್ಟಿ ಸೀದಿತ್ತು. ಅದನ್ನೇ ಹಂಚಿಕೊಂಡು ತಿಂದರು.